ಮಗ್ಗದ ಬೀದಿಯಲ್ಲಿ ಕ್ಯಾಮೆರಾ ಹಿಡಿದು

ನಾನು ನಿವೃತ್ತಳಾದೆ ಎಂದರೆ ನಮ್ಮ ಬೀದಿಯವರು ನಗುತ್ತಾರೆ. "ನೀನು ಕೆಲ್ಸಕ್ಕೆ ಸೇರಿದ್ದು ಯಾವಾಗ ಗಿರಿಜಕ್ಕ, ಬಿಟ್ಟಿದ್ದು ಯಾವಾಗ?" ಎಂದು ಕೇಳುತ್ತಾರೆ. ಅವರು ಕೇಳುವುದರಲ್ಲಿ ನ್ಯಾಯವಿದೆ. ನನ್ನನ್ನು ಯಾರೂ ನೇಮಿಸಿಕೊಳ್ಳಲಿಲ್ಲ, ಬಡ್ತಿ ಕೊಡಲಿಲ್ಲ, ವರ್ಗ ಮಾಡಲಿಲ್ಲ. ಬೀಳ್ಕೊಡುಗೆ, ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಯಾವುದೂ ಇರಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಕ್ಯಾಮೆರಾ ಎತ್ತಿದಾಗ ಬಲಗೈ ನಡುಗಿತು. ಮಾರನೆಯ ದಿನವೂ ನಡುಗಿತು. ಸ್ಟ್ಯಾಂಡಿನ ಮೇಲಿಟ್ಟು ತೆಗೆಯಬಹುದಿತ್ತು, ಆದರೆ ನಾನು ಜೀವಮಾನವೆಲ್ಲ ಕೈಯಲ್ಲಿ ಹಿಡಿದೇ ತೆಗೆದವಳು. ಕ್ಯಾಮೆರಾ ಒರೆಸಿ, ಚೀಲಕ್ಕೆ ಹಾಕಿ, ಬೀರುವಿನ ಮೇಲಿಟ್ಟೆ. ಅಷ್ಟೇ ನನ್ನ ನಿವೃತ್ತಿ.

ಈಗ ಭಾನುವಾರಗಳಲ್ಲಿ ಬೆಂಗಳೂರಿನಿಂದ ಹುಡುಗಿಯರು ಬರುತ್ತಾರೆ. ಬೆನ್ನಿಗೆ ಚೀಲ, ಕೈಯಲ್ಲಿ ನನ್ನ ಕಾಲದಲ್ಲಿ ಕನಸಿನಲ್ಲೂ ಕಾಣದಂಥ ಕ್ಯಾಮೆರಾ. "ಮೇಡಂ, ಪ್ರಾಯೋಗಿಕ ಸಿನಿಮಾ ಮಾಡೋದು ಹೇಗೆ?" ಎನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋವು ಬಂದಿದ್ದರಿಂದ ಬರೆದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ನನ್ನ ಕೆಲಸದ ಬಗ್ಗೆ ಬಹಳ ಹೆಮ್ಮೆಯಿದೆ. ವಿನಯ ಬೇಕಾದವರು ಬೇರೆ ಯಾರದಾದರೂ ಅನುಭವ ಓದಿಕೊಳ್ಳಬಹುದು.

ಪ್ರಾಯೋಗಿಕ ಸಿನಿಮಾ ಎಂದರೆ ಏನು ಎಂದು ದೊಡ್ಡ ದೊಡ್ಡವರು ಉಪನ್ಯಾಸ ಕೊಡುತ್ತಾರೆ. ನನ್ನ ಮಟ್ಟಿಗೆ ಅದು ಇಷ್ಟೇ: ಹೀರೋ ಇಲ್ಲ, ಹಾಡಿಲ್ಲ, ಕಥೆ ಇರಲೇಬೇಕೆಂಬ ಹಟವಿಲ್ಲ. ಎಲ್ಲರೂ ನೋಡುವ ಕಡೆ ಬಿಟ್ಟು ಪಕ್ಕಕ್ಕೆ ನೋಡುವುದು, ನೋಡಿದ್ದನ್ನು ಬೇಸರವಿಲ್ಲದೆ ಇನ್ನಷ್ಟು ಹೊತ್ತು ನೋಡುವುದು.

ಇಂಥದನ್ನು ಕೆಲಸ ಎಂದು ಒಪ್ಪಿಸುವುದು ಕಷ್ಟ. ಊರನ್ನು ಒಪ್ಪಿಸಬಹುದು. ನಾನು ಒಪ್ಪಿಸಬೇಕಾಗಿದ್ದದ್ದು ನಮ್ಮಪ್ಪನನ್ನು.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಪ್ರತಿ ಮನೆಯ ಮುಂಭಾಗದಲ್ಲಿ ಪವರ್‌ಲೂಮು, ಹಿಂದೆ ಅಡುಗೆಮನೆ, ನಡುವೆ ಸಿಕ್ಕ ಜಾಗದಲ್ಲಿ ಸಂಸಾರ. ಬೆಳಿಗ್ಗೆ ಮಗ್ಗ ಶುರುವಾದರೆ ಊಟದ ಹೊತ್ತು, ಮಾತಿನ ಹೊತ್ತು, ಜಗಳದ ಹೊತ್ತು ಎಲ್ಲವೂ ಆ ಸದ್ದಿನ ಒಳಗೇ. ತೊಟ್ಟಿಲಲ್ಲಿ ಮಲಗಿದ ಮಗು ಮಗ್ಗದ ಸದ್ದಿಗೆ ನಿದ್ದೆ ಮಾಡುತ್ತಿತ್ತು, ಕರೆಂಟ್ ಹೋಗಿ ಸದ್ದು ನಿಂತರೆ ಬೆಚ್ಚಿ ಎದ್ದು ಅಳುತ್ತಿತ್ತು. ಎದುರಿಗಿದ್ದವರ ಮಾತು ಕಿವಿಗೆ ಬೀಳುವುದಿಲ್ಲವಾದ್ದರಿಂದ ನಾವೆಲ್ಲ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತೇವೆ. ಬೀದಿಯ ಆ ತುದಿಯಲ್ಲಿ ನಿಂತ ಹೆಂಗಸು ನನ್ನ ಬಗ್ಗೆ ಏನು ಹೇಳುತ್ತಿದ್ದಾಳೆಂದು ಈ ತುದಿಯಿಂದ ಹೇಳಬಲ್ಲೆ. ಒಳ್ಳೆಯದನ್ನು ಹೇಳುತ್ತಿದ್ದದ್ದು ಅಪರೂಪ.

ಬೀದಿಗೆ ಒಂದು ಕಟ್ಟು ಇದೆ. ಆಯುಧಪೂಜೆಯ ದಿನ ಬಿಟ್ಟರೆ, ಕೆಲಸದ ಹೊತ್ತಿನಲ್ಲಿ ಬೀದಿಯ ಮಗ್ಗಗಳನ್ನೆಲ್ಲ ಒಟ್ಟಿಗೆ ನಿಲ್ಲಿಸುವುದು ಬೀದಿಯಲ್ಲಿ ಸಾವಾದಾಗ ಮಾತ್ರ. ಹೆಣ ಬೀದಿ ದಾಟುವವರೆಗೆ ಒಂದು ಮಗ್ಗವೂ ಓಡಬಾರದು. ಬೇರೆ ಯಾವ ಕಾರಣಕ್ಕೂ ಬೀದಿ ನಿಲ್ಲಬಾರದು, ನಿಂತರೆ ಸಾವನ್ನು ಕರೆದ ಹಾಗೆ. ಕರೆಂಟ್ ಹೋಗಿ ನಿಂತರೆ ಅದು ವಿದ್ಯುತ್ ಇಲಾಖೆಯ ಪಾಪ, ನಮ್ಮ ತಲೆಗೆ ಬರುವುದಿಲ್ಲ.

ಅಪ್ಪನ ಪ್ರಕಾರ ಕೆಲಸಕ್ಕೆ ಒಂದೇ ಲಕ್ಷಣ. "ಕೆಲ್ಸ ಅಂದ್ರೆ ಸಾಯಂಕಾಲಕ್ಕೆ ಮಡಿಸಿ ಇಡೋ ಹಾಗಿರ್ಬೇಕು ಕಣಮ್ಮ" ಎನ್ನುತ್ತಿದ್ದ. ಸೀರೆ ನೇಯ್ದರೆ ಮಡಿಸಿ ಇಡಬಹುದು. ನಾನು ದಿನವೆಲ್ಲ ಅಲೆದು ತಂದದ್ದನ್ನು ಎಲ್ಲಿ ಮಡಿಸುವುದು? ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ "ತಿರುಗ್ತಾಳೆ" ಎಂದು ಹೇಳಿ ಮಗ್ಗದ ಕಡೆ ತಿರುಗಿಬಿಡುತ್ತಿದ್ದ. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ.

ನಮ್ಮ ಮನೆಯಲ್ಲಿ ಮಗ್ಗದ ಕೆಲಸಕ್ಕೆ ಬರುವವರಿಗೂ, ಕಾರ್ಖಾನೆಗೆ ಹೋಗುವ ನಮ್ಮಣ್ಣನಿಗೂ ಅಪ್ಪ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದ: "ಕೆಲ್ಸಕ್ಕೆ ಹೋಗೋರು ಬರಿ ಹೊಟ್ಟೇಲಿ ಹೋಗ್ಬಾರ್ದು." ನಾನು ಚೀಲ ಹೆಗಲಿಗೆ ಹಾಕಿ ಹೊರಟಾಗ ಆ ಮಾತು ಬರುತ್ತಿರಲಿಲ್ಲ. ಅಮ್ಮ ಮಾತ್ರ ಅಪ್ಪನ ಬೆನ್ನು ನೋಡಿಕೊಂಡು ನನ್ನ ಚೀಲದೊಳಗೆ ಚಿತ್ರಾನ್ನದ ಡಬ್ಬಿ ಇಳಿಸುತ್ತಿದ್ದಳು. ಅಪ್ಪನಿಗೆ ಅದು ಗೊತ್ತಿರಲಿಲ್ಲ.

ಕ್ಯಾಮೆರಾ ನನ್ನ ಕೈಗೆ ಬಂದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಫೋಟೋ ಸ್ಟುಡಿಯೋದಲ್ಲಿ. ಮಾಲೀಕ ನಂಜುಂಡಣ್ಣ ಮದುವೆ ವಿಡಿಯೋ ತೆಗೆಯುತ್ತಿದ್ದರು. ಹೆಂಗಸರ ಕೋಣೆಯೊಳಗೆ ಹೋಗಿ ತೆಗೆಯಲು ಒಬ್ಬ ಹುಡುಗಿ ಬೇಕೆಂದು ನನ್ನನ್ನು ಸೇರಿಸಿಕೊಂಡರು. ಮೊದಲು ಲೈಟ್ ಹಿಡಿದೆ, ಆಮೇಲೆ ಕ್ಯಾಮೆರಾ. ಒಳ್ಳೆಯ ಗುರು, ಬಾಯಿ ಮಾತ್ರ ಮೆಣಸಿನಕಾಯಿ. "ಉಸಿರು ಹಿಡಿಯೇ! ನೀನು ಉಸಿರಾಡಿದ್ರೆ ಮದುವಣಗಿತ್ತಿ ಕುಣಿತಾಳೆ" ಎಂದು ಬೈದು ಬೈದು ನನ್ನ ಕೈಯನ್ನು ಕಂಬದ ಹಾಗೆ ಮಾಡಿದರು. ಆ ಕೈಯ ಮೇಲೆಯೇ ನಾನು ಕೊನೆಯವರೆಗೆ ಬದುಕಿದ್ದು.

ದೇವನಹಳ್ಳಿ ಕಡೆಯ ಒಂದು ಛತ್ರದಲ್ಲಿ ನನ್ನ ಮಹಾ ಅಪರಾಧ ನಡೆಯಿತು. ಮುಹೂರ್ತದ ಹೊತ್ತು. ನಂಜುಂಡಣ್ಣ ಇನ್ನೊಂದು ಮದುವೆಗೆ ಹೋಗಿದ್ದರು, ನಾನೊಬ್ಬಳೇ. ಪುರೋಹಿತರು ಗಟ್ಟಿಮೇಳ ಎಂದು ಕೂಗಿದರು, ಓಲಗದವರು ಊದಿದರು. ಆಗ ನನ್ನ ಮುಂದೆ ನಿಂತಿದ್ದ ಜನರ ಹಿಮ್ಮಡಿಗಳೆಲ್ಲ ಒಟ್ಟಿಗೆ ಮೇಲೆದ್ದವು. ತಾಳಿ ಕಟ್ಟುವುದು ಕಾಣಲಿ ಎಂದು ಎಲ್ಲರೂ ತುದಿಗಾಲಲ್ಲಿ ನಿಂತಿದ್ದರು. ಬಿರುಕು ಬಿಟ್ಟ ಹಿಮ್ಮಡಿ, ಅರಿಸಿನ ಹಚ್ಚಿದ ಹಿಮ್ಮಡಿ, ಕಾಲುಗೆಜ್ಜೆಯ ಪುಟ್ಟ ಹಿಮ್ಮಡಿ. ನಾನು ಅಲ್ಲೇ ನೆಲಕ್ಕೆ ಕೂತೆ, ಕ್ಯಾಮೆರಾ ಅತ್ತ ತಿರುಗಿಸಿದೆ. ಓಲಗ ನಿಂತಾಗ ಅವೆಲ್ಲ ಒಂದೊಂದಾಗಿ ಕೆಳಗಿಳಿದವು. ಇಳಿದ ಮೇಲೆ ನನಗೆ ತಾಳಿಯ ನೆನಪಾಯಿತು.

ನಂಜುಂಡಣ್ಣ ಟೇಪ್ ನೋಡಿ ತಲೆ ಚಚ್ಚಿಕೊಂಡರು.

"ತಾಳಿ ಎಲ್ಲೇ?"

"ತಾಳಿ ಎಲ್ರಿಗೂ ಕಾಣ್ತಿತ್ತಲ್ಲಣ್ಣ. ಹಿಮ್ಮಡಿ ಯಾರಿಗೂ ಕಾಣ್ತಿರ್ಲಿಲ್ಲ."

"ಅವ್ರು ದುಡ್ಡು ಕೊಟ್ಟಿರೋದು ಹಿಮ್ಮಡಿಗೇನೇ?"

ಕೊನೆಗೆ ಅವರು ಒಂದು ಉಪಾಯ ಮಾಡಿದರು. ಬೇರೆ ಮದುವೆಯಲ್ಲಿ ತೆಗೆದಿದ್ದ ತಾಳಿ ಕಟ್ಟುವ ಕೈಗಳ ದೃಶ್ಯವನ್ನು ತಂದು ನಡುವೆ ಸೇರಿಸಿದರು. ಮುಖ ಕಾಣುವುದಿಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು. ಬೇರೆ ಯಾವ ಊರಿನಲ್ಲಾದರೂ ನಡೆಯುತ್ತಿತ್ತೇನೋ. ಹುಡುಗಿಯ ಸೋದರತ್ತೆ ನಮ್ಮ ಮಗ್ಗದ ಬೀದಿಯವಳು. ಟಿ.ವಿ. ಮುಂದೆ ಕೂತವಳು ಎದ್ದು ನಿಂತು ಕೂಗಿದಳಂತೆ: "ನಿಲ್ಸಿ, ನಿಲ್ಸಿ! ಇದು ನಮ್ಮ ಹುಡುಗಿ ಸೀರೆ ಅಲ್ಲ. ನಮ್ಮದು ಹಂಸದ ಅಂಚು, ಇದು ಮಾವಿನಕಾಯಿ ಅಂಚು. ಇದ್ಯಾವಳ ಕತ್ತಿಗೆ ಕಟ್ಟಿದಾನೆ ನಮ್ಮ ಅಳಿಯ?"

ಆಮೇಲೆ ಸ್ಟುಡಿಯೋ ಮುಂದೆ ಏನೇನಾಯಿತು ಎಂದು ಬರೆಯುವುದಿಲ್ಲ. ಅಂದು ಸಂಜೆ ನಂಜುಂಡಣ್ಣ ಬಾಗಿಲು ಎಳೆದುಕೊಂಡು ಹಿಮ್ಮಡಿಗಳ ಟೇಪನ್ನು ಇನ್ನೊಮ್ಮೆ ಹಾಕಿ ನೋಡಿದರು. ಮುಗಿದ ಮೇಲೆ ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದರು. "ನೀನು ಮದ್ವೆಗೆ ಲಾಯಕ್ಕಿಲ್ಲ ಕಣೆ ಗಿರಿಜಾ" ಎಂದು ಹೇಳಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕ್ಯಾಮೆರಾವನ್ನು ನನ್ನ ಮುಂದಿಟ್ಟರು. "ಇದನ್ನ ತಗೊಂಡೋಗಿ ಏನ್ ಬೇಕಾದ್ರೂ ಮಾಡ್ಕೊ. ನನ್ ಸ್ಟುಡಿಯೋ ಹೆಸ್ರು ಮಾತ್ರ ಹೇಳ್ಬೇಡ." ನನ್ನ ಪದವಿ ಪ್ರದಾನ ಸಮಾರಂಭ ಅದೇ. 'ಹಿಮ್ಮಡಿ' ನನ್ನ ಮೊದಲ ಚಿತ್ರ. ಈಗಲೂ ಅದನ್ನು ತೋರಿಸಿದರೆ ಜನ ಕೂತಲ್ಲೇ ತಮ್ಮ ಕಾಲು ನೋಡಿಕೊಳ್ಳುತ್ತಾರೆ.

ಅಲ್ಲಿಂದ ಮುಂದೆ ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆದು ಹೊಟ್ಟೆ ಹೊರೆದೆ, ಉಳಿದ ದಿನ ನನ್ನ ಚಿತ್ರ ತೆಗೆದೆ. ಕುಂದಾಣದಲ್ಲಿ ಒಂದು ಬಂಡೆಯ ನೆರಳು ಹೊಲದ ಮೇಲೆ ನಡೆಯುವುದನ್ನು ಬೆಳಿಗ್ಗೆಯಿಂದ ಸಂಜೆವರೆಗೆ ತೆಗೆದೆ. ಅಲ್ಲಿನ ರೈತರೊಬ್ಬರು ಮಧ್ಯಾಹ್ನ ಬಂದು "ಏನವ್ವಾ, ಸರ್ವೆ ಮಾಡ್ತಿದೀಯಾ? ವಿಮಾನ ನಿಲ್ದಾಣದವ್ರು ಈ ಹೊಲಾನೂ ತಗೋತಾರಾ?" ಎಂದು ಗಾಬರಿಯಿಂದ ಕೇಳಿದರು. ಇಲ್ಲ ಯಜಮಾನ್ರೆ, ನೆರಳು ನೋಡ್ತಿದೀನಿ ಎಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿ, ಹೋಗಿ ಮಜ್ಜಿಗೆ ತಂದುಕೊಟ್ಟರು. ಬಿಸಿಲು ನೆತ್ತಿಗೇರಿದೆ ಎಂದುಕೊಂಡಿರಬೇಕು. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ರೇಷ್ಮೆ ಬಿಚ್ಚುವ ಮನೆಯೊಂದರಲ್ಲಿ ಗೂಡು ಬೇಯಿಸುವ ನೀರಿನ ಹಬೆ ಲೆನ್ಸಿಗೆ ಕೂತು ಎಲ್ಲ ಮಂಜಾಯಿತು. ಒರೆಸಲು ಬಟ್ಟೆ ತೆಗೆದವಳು ಕೈ ತಡೆದೆ. ಹಬೆ ಏರುವುದು, ಆರುವುದು, ಅದರ ಹಿಂದೆ ಹೆಂಗಸರ ಕೈಗಳು ಕಾಣುವುದು, ಮರೆಯಾಗುವುದು. ಒರೆಸದೆ ಬಿಟ್ಟದ್ದಕ್ಕೆ ಇಂದಿಗೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ನನ್ನದು ಒಂದೇ ನಿಯಮ. ಯಾರನ್ನು ತೆಗೆದೆನೋ ಅವರಿಗೆ ಮೊದಲು ತೋರಿಸಬೇಕು, ಆಮೇಲೆ ಬೆಂಗಳೂರು, ದೆಹಲಿ ಎಲ್ಲ. ಈ ನಿಯಮ ಹುಡುಗಿಯರಿಗೆ ಹೇಳಲು ಸುಲಭ, ಪಾಲಿಸಲು ಅಲ್ಲ. ಸೂಲಿಬೆಲೆಯ ಹತ್ತಿರ ಒಂದು ಊರಿನ ಹಾಲಿನ ಡೈರಿಯಲ್ಲಿ ಬೆಳಗಿನ ಕ್ಯಾನುಗಳ ಸಾಲನ್ನು ತೆಗೆದಿದ್ದೆ. ಅಲ್ಲಿ ಜನ ಸಾಲಿನಲ್ಲಿ ನಿಲ್ಲುವುದಿಲ್ಲ, ಕ್ಯಾನು ನಿಲ್ಲುತ್ತದೆ. ಹೆಂಗಸರು ಕಟ್ಟೆ ಮೇಲೆ ಕೂತು ಮಾತಾಡುತ್ತಾ ಕಾಲಿನಿಂದ ಕ್ಯಾನನ್ನು ಮುಂದಕ್ಕೆ ತಳ್ಳುತ್ತಾರೆ. ನನ್ನ ಚಿತ್ರದಲ್ಲಿ ಮುಖವೇ ಇಲ್ಲ, ಬರೀ ಕ್ಯಾನು ಮತ್ತು ಕಾಲು. ಡೈರಿಯ ಗೋಡೆ ಮೇಲೆ ತೋರಿಸಿದೆ. "ನನ್ ಕ್ಯಾನು ಬಂತು! ನೋಡ್ರೇ, ಸೊಟ್ಟ ಮೂತಿ!" ಎಂದು ಒಬ್ಬೊಬ್ಬರೂ ತಮ್ಮ ಕ್ಯಾನನ್ನು ಗುರುತು ಹಿಡಿದು ಕೂಗುತ್ತಿದ್ದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅಷ್ಟರಲ್ಲಿ ಬೆಳ್ಳಿ ಕಾಲುಂಗುರದ ಒಂದು ಕಾಲು ಬಂದು ಪಕ್ಕದವರ ಕ್ಯಾನನ್ನು ಹಿಂದಕ್ಕೆ ಸರಿಸಿ, ತನ್ನದನ್ನು ಮುಂದೆ ಇಟ್ಟಿತು. ತೆಗೆಯುವಾಗ ನಾನು ಗಮನಿಸಿರಲೇ ಇಲ್ಲ. ಗೋಡೆ ಮುಂದಿದ್ದವರೆಲ್ಲ ತಿರುಗಿ ಆ ಕಾಲುಂಗುರ ಹುಡುಕಿದರು. ಆಮೇಲೆ "ಅದಕ್ಕೇ ಕಣೇ ದಿನಾ ನನ್ ಹಾಲು ಕೊನೇಗೆ ಹೋಗ್ತಿದ್ದಿದ್ದು!" ಎಂಬ ಕೂಗು. ಆ ಜಗಳ ಬಿಡಿಸಲು ಡೈರಿಯ ಕಾರ್ಯದರ್ಶಿ ಬರಬೇಕಾಯಿತು. "ಮೇಡಂ, ನಿಮ್ಮ ಕಲೆ ದೊಡ್ಡದು, ನಮ್ಮ ಡೈರಿ ಚಿಕ್ಕದು, ದಯವಿಟ್ಟು ಇನ್ನೊಂದ್ಸಲ ತೋರಿಸ್ಬೇಡಿ" ಎಂದು ಕೈ ಮುಗಿದರು.

ಅದೇ ಚಿತ್ರವನ್ನು ಬೆಂಗಳೂರಿನಲ್ಲಿ ಕಿರುಚಿತ್ರಗಳಿಗೆ ನೆರವು ಕೊಡುವ ಒಂದು ಸಮಿತಿಯ ಮುಂದೆ ಇಟ್ಟೆ. ನಡುವೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು ಕೇಳಿದರು, "ಇದರ ಸಂದೇಶ ಏನಮ್ಮ?"

"ಹಾಲು ಸಾರ್" ಎಂದೆ.

ಅವರು ನಗಲಿಲ್ಲ. ಮಹಿಳಾ ಸಬಲೀಕರಣದ ಬಗ್ಗೆ ಒಂದು ಗಂಡಸಿನ ದನಿಯಲ್ಲಿ ವಿವರಣೆ ಸೇರಿಸಿದರೆ ಪರಿಶೀಲಿಸಬಹುದು ಎಂದರು. ಗಂಡಸಿನ ದನಿಯಲ್ಲಿ ಸಬಲೀಕರಣ! ಬೇಡ ಸಾರ್ ಎಂದು ಟೇಪ್ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಒಬ್ಬಳೇ ನಕ್ಕೆ. ಬೇಡ ಎಂದು ಹೇಳುವುದನ್ನು ಬೇಗ ಕಲಿತುಕೊಳ್ಳಿ ಎಂದು ಹುಡುಗಿಯರಿಗೆ ನಾನು ಹೇಳುವುದು ಇದಕ್ಕೇ.

ವಿಧಾನಗಳು ಬದಲಾದವು. ಟೇಪಿನ ಕಾಲದಲ್ಲಿ ಟೇಪು ಮುಗಿದುಹೋಗುತ್ತದೆ ಎಂಬ ಭಯ ಇತ್ತು. ಆ ಭಯದಿಂದ ಮೊದಲು ಕಣ್ಣು ನೋಡುತ್ತಿತ್ತು, ಆಮೇಲೆ ಬೆರಳು ಒತ್ತುತ್ತಿತ್ತು. ಈಗ ಕಾರ್ಡು ತುಂಬುವುದೇ ಇಲ್ಲ. ಬೆರಳು ಮೊದಲು ಒತ್ತುತ್ತದೆ, ಕಣ್ಣು ಮನೆಗೆ ಹೋಗಿ ನೋಡುತ್ತದೆ. ನಾನು ಹಳೆಯದೇ ಚೆನ್ನ ಎಂದು ಗೊಣಗುವವಳಲ್ಲ. ಮೊಬೈಲಿನಲ್ಲೂ ತೆಗೆದಿದ್ದೇನೆ, ಒಳ್ಳೆಯದನ್ನೇ ತೆಗೆದಿದ್ದೇನೆ. ಒತ್ತುವ ಮುಂಚೆ ಒಂದು ಉಸಿರು ಹಿಡಿಯಿರಿ ಎನ್ನುತ್ತೇನೆ, ಅಷ್ಟೇ.

ಇನ್ನು ನನ್ನ ಮಗ್ಗದ ಚಿತ್ರದ ವಿಷಯ. ಕೆಲವರಿಗೆ ನನ್ನ ಹೆಸರು ಗೊತ್ತಿರುವುದೇ ಅದರಿಂದ.

ನಮ್ಮದೇ ಬೀದಿಯನ್ನು ತೆಗೆಯಲು ನನಗೆ ಬಹಳ ವರ್ಷ ಧೈರ್ಯ ಬರಲಿಲ್ಲ. ಶುರುಮಾಡಿದ ಮೇಲೆ ಬಿಡಲಿಲ್ಲ. ಅಡ್ಡ ನೂಲು ಹೊತ್ತ ಲಾಳಿಯ ಓಡಾಟ, ಕಡಿದ ಎಳೆಯನ್ನು ಗಂಟು ಹಾಕುವ ಬೆರಳು, ಮಗ್ಗದ ಆ ಕಡೆ ಈ ಕಡೆ ನಿಂತು ಮಾತಾಡುವ ಗಂಡ ಹೆಂಡತಿ. ಅಮ್ಮ ರಾಟೆ ತಿರುಗಿಸಿ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದದ್ದನ್ನೂ ತೆಗೆದೆ. ಅಪ್ಪನ ಕೈ ಮಾತ್ರ ತೆಗೆದೆ. ಮುಖ ತೆಗೆಯಲು ಅವನು ಬಿಡಲಿಲ್ಲ.

ಬೆಂಗಳೂರಿನಲ್ಲಿ ನನ್ನ ಚಿತ್ರಗಳನ್ನು ಜೋಡಿಸಿಕೊಡುತ್ತಿದ್ದವರು ಪ್ರಭಾಕರ್ ಎಂಬ ಸಂಕಲನಕಾರರು. ಟೇಪ್ ಹಾಕಿ ಕಿವಿಗೆ ಹೆಡ್‌ಫೋನ್ ಇಟ್ಟವರು ತಕ್ಷಣ ಕಿತ್ತು ಬಿಸಾಡಿದರು.

"ಏನ್ ಗಿರಿಜಾ ಇದು, ಪೂರ್ತಿ ಸದ್ದು?"

"ಯಾವ ಸದ್ದು ಸಾರ್?"

ನಾನು ತಮಾಷೆ ಮಾಡಿದ್ದಲ್ಲ. ಜನ ಆಡಿದ ಮಾತುಗಳೆಲ್ಲ ಚೆನ್ನಾಗಿ ಬಂದಿವೆ ಎಂದೇ ನಾನು ನಂಬಿದ್ದೆ. ತೆಗೆಯುವಾಗಲೂ ನೋಡುವಾಗಲೂ ನನಗೆ ಪ್ರತಿಯೊಂದು ಮಾತೂ ತಿಳಿಯುತ್ತಿತ್ತು. ಅವರು ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟು, ಪರದೆಗೆ ಕೈ ಅಡ್ಡ ಹಿಡಿದರು. ತುಟಿ ಮರೆಯಾದ ಕೂಡಲೇ ಒಂದು ಮಾತೂ ಇಲ್ಲ. ಮಗ್ಗ, ಮಗ್ಗ, ಬರೀ ಮಗ್ಗ. ಹುಟ್ಟಿದಂದಿನಿಂದ ಕೇಳಿದ್ದ ಸದ್ದನ್ನು ನಾನು ಅಂದು ಮೊದಲ ಸಲ ಕೇಳಿದೆ. ಮಗ್ಗದ ಬೀದಿಯವಳಲ್ಲದೆ ಇನ್ಯಾರೂ ಇಂಥ ತಪ್ಪು ಮಾಡಲಾರರು. ನಾಚಿಕೆಯಾಗುವ ಬದಲು ನನಗೆ ಕುಣಿಯುವಷ್ಟು ಖುಷಿಯಾಯಿತು.

"ಸದ್ದು ತೆಗೆದುಬಿಡಿ ಸಾರ್" ಎಂದೆ.

"ಮಗ್ಗದ್ದಾ, ಮಾತಿನದಾ?"

"ಎಲ್ಲಾ. ನಮ್ಮ ಬೀದೀಲೇ ತೋರಿಸ್ತೀನಿ. ಸದ್ದು ಬೀದಿ ಮಾಡುತ್ತೆ. ಮಾತು ನಮ್ಮವ್ರಿಗೆ ತುಟಿ ನೋಡಿದ್ರೆ ಕೇಳುತ್ತೆ."

ಪ್ರಭಾಕರ್ ನನ್ನನ್ನು ನೋಡಿ, "ನಿಮ್ಮನ್ನ ಕಟ್ಟಿಕೊಂಡ ಕ್ಯಾಮೆರಾ ಪುಣ್ಯ ಮಾಡಿತ್ತು ಕಣ್ರೀ" ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ವಿಚಾರಿಸಲಿಲ್ಲ.

ಚಿತ್ರಕ್ಕೆ ಕೊನೆಯ ಭಾಗ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಅಮ್ಮ ಹೋದಳು. ಎರಡು ದಿನದ ಜ್ವರ ಅಷ್ಟೇ. ಬೆಳಿಗ್ಗೆ ಹೋದಳು, ಬೀದಿ ನಿಂತಿತು. ಮಧ್ಯಾಹ್ನ ಕಾರ್ಖಾನೆಯಿಂದ ಅಣ್ಣ ಬರಲೆಂದು ಕಾಯುತ್ತಿದ್ದಾಗ ನಾನು ಎದ್ದು ಒಳಗೆ ಹೋಗಿ ಕ್ಯಾಮೆರಾ ತಂದೆ. ಮನೆ ಮನೆಗೆ ಹೋಗಿ ನಿಂತ ಮಗ್ಗಗಳನ್ನು ತೆಗೆದೆ. ಅರ್ಧ ನೇಯ್ದ ಸೀರೆ, ನಡುದಾರಿಯಲ್ಲಿ ನಿಂತ ಲಾಳಿ, ಕೊನೆಗೆ ನಮ್ಮ ಮನೆಯಲ್ಲಿ ಅಮ್ಮನ ರಾಟೆ. ಅದರ ಮೇಲೆ ಅವಳು ಹಿಂದಿನ ವಾರ ಸುತ್ತಿದ್ದ ನೂಲು ಹಾಗೇ ಇತ್ತು. ನನ್ನ ಕೈ ನಡುಗಲಿಲ್ಲ. ಅಳು ಬಂದದ್ದು ಕ್ಯಾಮೆರಾ ಕೆಳಗಿಟ್ಟ ಮೇಲೆ.

ನೆಂಟರು ಸುಮ್ಮನಿರಲಿಲ್ಲ. "ಹೆತ್ತ ತಾಯಿ ಹೆಣ ಮನೇಲಿ, ಇವಳಿಗೆ ಪಿಚ್ಚರ್ ಚಿಂತೆ" ಎಂದು ಹೇಳಿದ್ದು ತುಟಿ ನೋಡದೆಯೇ ಕೇಳಿಸಿತು, ಬೀದಿ ಅಷ್ಟು ಮೌನವಾಗಿತ್ತು. ನಾನು ಮಾಡಿದ್ದು ತಪ್ಪು ಎಂದು ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಅಮ್ಮನಿಗಾಗಿ ಒಂದು ಬೀದಿಯೇ ಕೈಕಟ್ಟಿ ನಿಂತಿತ್ತು, ಅದನ್ನು ನೋಡಿ ಇಟ್ಟುಕೊಳ್ಳಬೇಕಾದವಳು ನಾನೇ. ಆದರೆ ಅಪ್ಪ ಏನೂ ಹೇಳಲಿಲ್ಲ. ಅಂದಿನಿಂದ ನನ್ನ ಕ್ಯಾಮೆರಾ ಬಗ್ಗೆ ಒಂದು ಮಾತೂ ಆಡಲಿಲ್ಲ. "ತಿರುಗ್ತಾಳೆ" ಎನ್ನುವುದೂ ನಿಂತುಹೋಯಿತು. ಬೈದಿದ್ದರೆ ಸಹಿಸುತ್ತಿದ್ದೆ. ಆ ಮೌನ ನನ್ನನ್ನು ಒಳಗೊಳಗೇ ತಿಂದಿತು. ಚೀಲಕ್ಕೆ ಡಬ್ಬಿ ಹಾಕುವವರೂ ಇರಲಿಲ್ಲ.

ಚಿತ್ರ ಮುಗಿದಾಗ ಒಂದು ಯೋಚನೆ ಬಂತು. ಕೊನೆಯ ಭಾಗ ಬರುವಾಗ ಬೀದಿಯ ಮಗ್ಗಗಳನ್ನು ಐದು ನಿಮಿಷ ನಿಲ್ಲಿಸಿದರೆ? ಬೀದಿಯ ಹಿರಿಯರಾದ ವೆಂಕಟೇಶಪ್ಪನವರು ಅಪ್ಪನಿಗೆ ಅಣ್ಣನಾಗಬೇಕು, ನನಗೆ ದೊಡ್ಡಪ್ಪ. ಅವರ ಮನೆಯ ಬದಿ ಗೋಡೆ ನಮ್ಮ ಮನೆಯ ಎದುರಿಗೇ ಇದೆ, ಸುಣ್ಣ ಬಳಿದು ಬೆಳ್ಳಗಿತ್ತು. ಹೋಗಿ ಕೇಳಿದೆ.

"ಗೋಡೆ ತಗೋಮ್ಮ. ಮಗ್ಗ ಕೇಳ್ಬೇಡ" ಎಂದರು.

"ಐದೇ ನಿಮಿಷ ದೊಡ್ಡಪ್ಪ."

"ಸಾವಿಲ್ದೆ ಬೀದಿ ನಿಲ್ಲೋದುಂಟೇನಮ್ಮ? ನೀನು ಹುಟ್ಟಿ ಬೆಳೆದಿರೋಳು, ನಿಂಗೆ ಹೇಳ್ಕೊಡ್ಬೇಕಾ? ನಿನ್ ಪಿಚ್ಚರ್‌ಗೋಸ್ಕರ ಯಾರನ್ನ ಕಳಿಸ್ಲಿ?"

ಮಗ್ಗಗಳು ಓಡುತ್ತಲೇ ಇರಲಿ ಎಂದುಕೊಂಡೆ.

ಆ ಸಂಜೆ ಬಾಡಿಗೆ ಪ್ರೊಜೆಕ್ಟರ್ ತಂದು ನಮ್ಮ ಜಗಲಿಯ ಮೇಲಿಟ್ಟೆ. ಕತ್ತಲಾಗುತ್ತಿದ್ದಂತೆ ಹೆಂಗಸರು ಚಾಪೆ ತಂದು ಕೂತರು. ಗಂಡಸರು ಕೆಲವರು ಬಂದರು, ಕೆಲವರು ಮಗ್ಗದ ಮುಂದಿಂದಲೇ ಕಿಟಕಿಯಲ್ಲಿ ನೋಡುತ್ತೇವೆ ಎಂದರು. ಅಪ್ಪ ಎಂದಿನಂತೆ ಮಗ್ಗ ಓಡಿಸುತ್ತಿದ್ದ. ಅವನ ಮಗ್ಗದ ಪಕ್ಕದ ಕಿಟಕಿಯಿಂದ ಗೋಡೆ ನೆಟ್ಟಗೆ ಕಾಣುತ್ತದೆ. ನೋಡುತ್ತಾನೋ ಇಲ್ಲವೋ ಎಂದು ನೋಡಲು ನನಗೆ ಧೈರ್ಯವಿರಲಿಲ್ಲ. ನನಗಿದ್ದ ಇನ್ನೊಂದು ಭಯ ಕರೆಂಟಿನದು. ಅದು ಹೋದರೆ ಮಗ್ಗವೂ ಇಲ್ಲ, ಚಿತ್ರವೂ ಇಲ್ಲ.

ಚಿತ್ರ ಶುರುವಾಯಿತು. ಗೋಡೆಯ ಮೇಲೆ ಲಾಳಿ ಓಡಿತು, ಬೀದಿಯ ತುಂಬ ಅದರ ಸದ್ದು ತಾನಾಗಿ ಬಂತು. ಮಗ್ಗದ ಮೂಲೆಯಲ್ಲಿ ನಿಂತ ಒಬ್ಬ ಗಂಡ ಹೆಂಡತಿಗೆ ಏನೋ ಹೇಳಿದ. ಚಾಪೆಯ ಮೇಲಿನವರೆಲ್ಲ ಒಟ್ಟಿಗೆ ನಕ್ಕರು. "ಲೋ, ಅತ್ತೇನ ಹಂಗಂತೀಯೇನೋ!" ಎಂದು ಯಾರೋ ಕೂಗಿದ್ದನ್ನು ನಾನು ತುಟಿಯಲ್ಲಿ ನೋಡಿದೆ. ಅವನ ಅತ್ತೆಯೂ ಅಲ್ಲೇ ಕೂತಿದ್ದಳು. ಅವಳೂ ನಕ್ಕಳು, ದೇವರ ದಯೆ. ಸದ್ದಿಲ್ಲದ ನನ್ನ ಚಿತ್ರದಲ್ಲಿ ಅವರಿಗೆ ಕೇಳದ ಮಾತೇ ಇರಲಿಲ್ಲ.

ಆಮೇಲೆ ಅಮ್ಮ ಬಂದಳು. ರಾಟೆ ತಿರುಗಿಸುತ್ತಾ ಕೂತವಳು ತಲೆಯೆತ್ತಿ ನೇರವಾಗಿ ಕ್ಯಾಮೆರಾ ಕಡೆ ನೋಡಿದಳು. ತೆಗೆದ ದಿನ ನನಗೆ ಅದು ವಿಶೇಷ ಎನ್ನಿಸಿರಲಿಲ್ಲ, ದಿನಾ ಕೇಳುವ ಮಾತು. ಈಗ ಗೋಡೆಯಷ್ಟು ದೊಡ್ಡ ಅಮ್ಮ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು: "ಡಬ್ಬಿ ಚೀಲದಲ್ಲಿಟ್ಟಿದೀನಿ ಕಣೆ. ಕೆಲ್ಸಕ್ಕೆ ಹೋಗೋಳು ಬರಿ ಹೊಟ್ಟೇಲಿ ಹೋಗ್ಬೇಡ."

ಚಾಪೆಯ ಮೇಲೆ ಕೆಲವು ಹೆಂಗಸರು ಸೆರಗು ಬಾಯಿಗೆ ಹಿಡಿದರು.

ಕೊನೆಯ ಭಾಗ ಶುರುವಾಯಿತು. ಮನೆ ಮನೆಯ ನಿಂತ ಮಗ್ಗಗಳು ಗೋಡೆಯ ಮೇಲೆ ಬಂದವು. ನಡುದಾರಿಯಲ್ಲಿ ನಿಂತ ಲಾಳಿ. ಆಗ ಸದ್ದಿನಲ್ಲಿ ಒಂದು ಎಳೆ ಕಡಿದ ಹಾಗಾಯಿತು. ನಮ್ಮ ಮನೆಯ ಮಗ್ಗ ನಿಂತಿತ್ತು. ನಾನು ತಿರುಗಿ ನೋಡುವಷ್ಟರಲ್ಲಿ ಪಕ್ಕದ ಮನೆಯದು ನಿಂತಿತು, ಅದರ ಪಕ್ಕದ್ದು ನಿಂತಿತು. ಒಂದೊಂದಾಗಿ ಬೀದಿಯ ಆ ತುದಿಯವರೆಗೂ ನಿಂತವು. ಕರೆಂಟ್ ಹೋಯಿತು, ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಗೋಡೆಯ ಮೇಲೆ ಚಿತ್ರ ಓಡುತ್ತಲೇ ಇತ್ತು. ಅಮ್ಮನ ರಾಟೆ ಕಾಣುತ್ತಿತ್ತು.

ಅಪ್ಪ ಬಾಗಿಲಲ್ಲಿ ನಿಂತಿದ್ದ. ದೊಡ್ಡಪ್ಪ ಎದ್ದು ಅವನ ಕಡೆ ನೋಡಿದರು. ಬೀದಿ ಅಷ್ಟು ಮೌನವಾಗಿದ್ದರಿಂದ ಅಪ್ಪ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಅವಳು ಹೋದ ದಿನ ಅಲ್ವೇನಣ್ಣ ಅದು. ಹೆಂಗೆ ಓಡಿಸ್ಲಿ?"

ದೊಡ್ಡಪ್ಪ ಮತ್ತೆ ಕೂತರು. ಚಿತ್ರ ಮುಗಿದು ಗೋಡೆ ಬೆಳ್ಳಗಾಯಿತು. ಮೊದಲು ಅಪ್ಪನೇ ಒಳಗೆ ಹೋಗಿ ಮಗ್ಗ ಶುರುಮಾಡಿದ. ಆಮೇಲೆ ಉಳಿದವರು ಮಾಡಿದರು.

ಆ ಚಿತ್ರವನ್ನು ಹೊರಗೆ ಎಲ್ಲಿಗೂ ಕಳಿಸಿಲ್ಲ. ಚಿತ್ರದ ಜೊತೆ ಸದ್ದಿನ ಟೇಪ್ ಕಳಿಸಿ ಎಂದು ಬೇರೆ ದೇಶದಿಂದಲೂ ಕೇಳಿದರು. ಟೇಪ್ ಇಲ್ಲ, ಬೀದಿ ಇದೆ, ಬನ್ನಿ ಎಂದೆ. ವ್ಯಾನಿನಲ್ಲಿ ಬಂದರು, ಚಾಪೆ ಮೇಲೆ ಕೂತರು, ಕಿವಿಗೆ ಹತ್ತಿ ಇಟ್ಟುಕೊಂಡವರಿಗೆ ಅದನ್ನು ತೆಗೆಯಲು ಹೇಳಿದೆ. ಈಗ ಬೀದಿಯಲ್ಲಿ ಹಳೆಯ ಮಗ್ಗಗಳು ಕಡಿಮೆಯಾಗಿವೆ, ಅಪ್ಪನೂ ಇಲ್ಲ, ದೊಡ್ಡಪ್ಪನೂ ಇಲ್ಲ. ಆದರೆ ಚಿತ್ರ ಹಾಕಿದಾಗಲೆಲ್ಲ ಆ ಜಾಗ ಬಂದರೆ ಇರುವಷ್ಟು ಮಗ್ಗಗಳು ನಿಲ್ಲುತ್ತವೆ. ಯಾರೂ ಹೇಳಬೇಕಾಗಿಲ್ಲ. ಬೇರೆ ಚಿತ್ರಗಳಿಗೆ ಬಂದ ಬಹುಮಾನಗಳ ಫಲಕಗಳನ್ನು ಇಡಲು ನಮ್ಮ ಮನೆಯಲ್ಲಿ ಜಾಗವಿಲ್ಲ, ಇದನ್ನು ಮಾತ್ರ ಎದೆಯೊಳಗೆ ಇಟ್ಟುಕೊಂಡಿದ್ದೇನೆ.

ಆ ಮೊದಲ ಪ್ರದರ್ಶನದ ಮರುದಿನ ಬೆಳಿಗ್ಗೆ ನಾನು ತಡವಾಗಿ ಎದ್ದೆ. ಅಡುಗೆಮನೆಯಿಂದ ಸಾಸಿವೆ ಸೀದ ವಾಸನೆ ಬರುತ್ತಿತ್ತು. ಹೋಗಿ ನೋಡಿದರೆ ಅಪ್ಪ ಒಲೆಯ ಮುಂದೆ. ಜೀವಮಾನದಲ್ಲಿ ಅವನು ಒಂದು ಲೋಟ ಕಾಫಿ ಕಾಯಿಸಿದವನಲ್ಲ. ಚಿತ್ರಾನ್ನ ಅರ್ಧ ಹಳದಿ, ಅರ್ಧ ಬಿಳಿ. ಅಮ್ಮನ ಡಬ್ಬಿಗೆ ಅದನ್ನು ಒತ್ತಿ ಒತ್ತಿ ತುಂಬಿ, ಮುಚ್ಚಳ ಹಾಕಿ, ನನ್ನ ಮುಖ ನೋಡದೆ ನೀಡಿದ.

"ತಗೋ. ಕೆಲ್ಸಕ್ಕೆ ಹೋಗೋರು ಬರಿ ಹೊಟ್ಟೇಲಿ ಹೋಗ್ಬಾರ್ದು."

ಅಂದು ನನಗೆ ಎಲ್ಲಿಗೂ ಹೋಗುವ ಕೆಲಸವಿರಲಿಲ್ಲ. ಹಾಗೆಂದು ಹೇಳಲು ನನಗೇನು ಹುಚ್ಚೇ? ಸ್ನಾನ ಮಾಡಿ, ಕ್ಯಾಮೆರಾ ಚೀಲ ಹೆಗಲಿಗೆ ಹಾಕಿ, "ಬರ್ತೀನಪ್ಪ" ಎಂದು ಹೇಳಿ ಬಸ್ ಹತ್ತಿದೆ. ಕುಂದಾಣದಲ್ಲಿ ಇಳಿದು ಆ ಬಂಡೆಯ ನೆರಳಿನಲ್ಲಿ ಕೂತು, ಉಪ್ಪಿಲ್ಲದ ಆ ಚಿತ್ರಾನ್ನವನ್ನು ಒಂದು ಅಗುಳೂ ಬಿಡದೆ ತಿಂದೆ.